ಹಳೇ ನಟಿಯರ ಮನೆ ಟ್ರಂಕು ತೆಗೆಸೋರಿಗೆ ಒಂದು ಬಹಿರಂಗ ಪತ್ರ

ಹಳೇ ಕನ್ನಡ ಸಿನಿಮಾದೋರ ಕತೆ ಹುಡುಕ್ಕೊಂಡು ಹೋಗಿ ವಿಡಿಯೋ ಮಾಡೋ ಯೂಟ್ಯೂಬ್ ಚಾನೆಲ್‌ನೋರಿಗೆ, ಹಾಗೇ ಬಯೋಪಿಕ್ಕು ವೆಬ್ ಸೀರೀಸು ಅಂತ ಸ್ಕ್ರಿಪ್ಟ್ ಬರೀತಿರೋ ಬರಹಗಾರರಿಗೆ,

ಸನ್ಮಾನ್ಯರೇ,

ನಮಸ್ಕಾರ. ನಾನು ಸಿನಿಮಾದೋಳಲ್ಲ, ಬ್ಯಾಂಕಲ್ಲಿ ಕೆಲಸ ಮಾಡ್ತೀನಿ. ಆದ್ರೆ ನಮ್ಮಜ್ಜಿ 1965ರಿಂದ ಹೆಚ್ಚುಕಮ್ಮಿ ಹತ್ತು ವರ್ಷ ಕನ್ನಡ ಸಿನಿಮಾಗಳಿಗೆ ಸಂಭಾಷಣೆ ಬರೆದೋರು. ಯಾವ ಟೈಟಲ್ ಕಾರ್ಡಲ್ಲೂ ಅವರ ಹೆಸರಿಲ್ಲ, ಎಲ್ಲಾ ಕಡೆ ಅಜ್ಜನ ಹೆಸರೇ ಇರೋದು. ಅಜ್ಜಿಗೆ ಒಬ್ಬ ಗೆಳತಿ ಇದ್ರು, ಮೊದಮೊದಲು ಎರಡನೇ ನಾಯಕಿ, ಆಮೇಲೆ ಅಕ್ಕ, ಅತ್ತಿಗೆ, ಕೊನೆಗೆ ಬರೀ ಅಮ್ಮನ ಪಾತ್ರ ಮಾಡ್ತಿದ್ದ ನಟಿ, ಮಕ್ಕಳಾದ ನಾವೆಲ್ಲ ಅವರನ್ನ ಮದ್ರಾಸಜ್ಜಿ ಅಂತಿದ್ವಿ. ಇಬ್ಬರೂ ಈಗಿಲ್ಲ. ಅವರ ಹೆಸರು ನಾನಿಲ್ಲಿ ಬರೆಯಲ್ಲ, ಇದನ್ನ ಓದಿದೋರು ದಯವಿಟ್ಟು ಹುಡುಕೋಕೂ ಹೋಗ್ಬೇಡಿ. ಈ ಪತ್ರಕ್ಕೆ ಕಾರಣವಾದ ವಿಡಿಯೋ ಮಾಡಿದ ಚಾನೆಲ್ ಹೆಸರನ್ನೂ ಹೇಳಲ್ಲ, ಹೇಳಿದ್ರೆ ಇನ್ನೊಂದಷ್ಟು ವ್ಯೂಸ್ ನಾನೇ ಕೊಟ್ಟ ಹಾಗಾಗುತ್ತೆ.

ನಡೆದಿದ್ದು ಇಷ್ಟು. ಹೋದ ವರ್ಷ ಇಬ್ಬರು ಹುಡುಗರು ಫೋನ್ ಮಾಡಿ, ಮೇಡಂ ಹಳೇ ಸಂಭಾಷಣೆಕಾರರ ಬಗ್ಗೆ ಸರಣಿ ಮಾಡ್ತಿದೀವಿ, ನಿಮ್ಮಜ್ಜನ ಬಗ್ಗೆ ಮಾತಾಡ್ತೀರಾ ಅಂತ ಕೇಳಿದ್ರು. ನಾನು, ಅಜ್ಜನಿಗಿಂತ ಅಜ್ಜಿ ಬಗ್ಗೆ ಹೇಳೋದಿದೆ ಬನ್ನಿ ಅಂದೆ. ಬಂದ್ರು. ಕೆಟ್ಟ ಹುಡುಗರೇನಲ್ಲ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದ್ರು, ನಮ್ಮಮ್ಮನಿಗೆ ಕಾಲುನೋವು ಹೇಗಿದೆ ಅಂತಲೂ ಕೇಳಿದ್ರು. ಟ್ರಂಕು ತೆಗೆದುಕೊಟ್ಟಿದ್ದು ನಾನೇ, ಇದನ್ನ ಮೊದಲೇ ಒಪ್ಕೊಂಡುಬಿಡ್ತೀನಿ. ಅದರಲ್ಲಿ ಅಜ್ಜಿ ತಿದ್ದಿದ ಸೀನ್ ಪೇಪರಿನ ಎರಡು ಕಟ್ಟು, ಮದ್ರಾಸಜ್ಜಿ ಬರೆದ 35 ಇನ್‌ಲ್ಯಾಂಡ್ ಲೆಟರು ಇತ್ತು. ಎರಡೂವರೆ ಗಂಟೆ ಶೂಟ್ ಮಾಡಿದ್ರು, ಹೋಗುವಾಗ ಸ್ಕ್ಯಾನ್ ಮಾಡಿ ವಾಪಸ್ ಕೊಡ್ತೀವಿ ಅಂತ 4 ಲೆಟರ್ ತಗೊಂಡ್ರು.

ವಿಡಿಯೋ ಬಂದಾಗ 11 ನಿಮಿಷ ಇತ್ತು. ಥಂಬ್‌ನೇಲಲ್ಲಿ ಅಜ್ಜ ಇಲ್ಲ, ಅಜ್ಜಿ ಇಲ್ಲ, ಮದ್ರಾಸಜ್ಜಿ ಫೋಟೋ, ಅವರ ಪಕ್ಕ ನಿಂತಿರೋ ಎರಡು ಜಡೆ ಹುಡುಗಿ ಮುಖಕ್ಕೆ ಕೆಂಪು ರೌಂಡು, ಬಾಣದ ಗುರುತು, ಮೇಲೆ ಹಳದಿ ಅಕ್ಷರದಲ್ಲಿ 'ತಂಗಿ ಅಲ್ಲ, ಮಗಳು!!'

ಹೌದು, ಮಗಳೇ. ಇನ್ನು ಮುಚ್ಚಿಡೋಕೆ ಏನೂ ಉಳಿದಿಲ್ಲವಲ್ಲ, ಅದಕ್ಕೆ ನಾನೂ ಹೇಳ್ತೀನಿ. ಮದ್ರಾಸಜ್ಜಿಗೆ 19 ವರ್ಷ ಇದ್ದಾಗ ಹುಟ್ಟಿದ ಮಗು, ತಾಳಿ ಕಟ್ಟಿದೋನು ತಾಳಿ ಕಟ್ಟಿಲ್ಲ ಅಂತ ಹೇಳಿ ಹೋಗಿದ್ದ, ಆಗಷ್ಟೇ ಎರಡು ಪಿಕ್ಚರ್ ಕೈಗೆ ಬಂದಿತ್ತು, ಮದುವೆ ಆಗದೆ ಮಗು ಇದೆ ಅಂತ ಗೊತ್ತಾಗಿದ್ರೆ ಆ ಎರಡೂ ಹೋಗ್ತಿತ್ತು, ಮನೇಲಿ ದುಡಿಯೋಳು ಅವರೊಬ್ಬರೇ. ಅದಕ್ಕೆ ಮಗು ತನ್ನ ಅಜ್ಜಿಗೇ ಮಗಳಾಗಿ, ಹೆತ್ತಮ್ಮನಿಗೆ ತಂಗಿಯಾಗಿ ಬೆಳೀತು. ಸ್ಕೂಲಿಗೆ ಸೇರಿಸುವಾಗ ಅರ್ಜಿ ತುಂಬಿದ್ದು ನಮ್ಮಜ್ಜಿ, ತಾಯಿಯ ಹೆಸರು ಅನ್ನೋ ಜಾಗದಲ್ಲಿ ಪೆನ್ನು ನಿಂತುಬಿಡ್ತು ಕಣೇ ಅಂತ ನನಗೊಂದ್ಸಲ ಹೇಳಿದ್ರು. ಆ ಮಗುವಿಗೆ ಮದುವೆ ಗೊತ್ತಾದಾಗ ಮದ್ರಾಸಜ್ಜಿ ಕೂರಿಸಿಕೊಂಡು ನಿಜ ಹೇಳಿದ್ರು, ಗಂಡಾಗೋನಿಗೂ ಹೇಳಿದ್ರು. ಅವರಿಬ್ಬರು ಅದನ್ನ ಇನ್ಯಾರಿಗೂ ಹೇಳಬೇಕಾಗಿಲ್ಲ ಅಂತ ತೀರ್ಮಾನ ಮಾಡಿಕೊಂಡ್ರು. ಅದು ಅವರು ಮಾಡ್ಕೊಂಡ ತೀರ್ಮಾನ, ನಲವತ್ತು ವರ್ಷ ಗಟ್ಟಿಯಾಗಿ ನಿಂತಿತ್ತು, ನಿಮ್ಮ 11 ನಿಮಿಷಕ್ಕೆ ಬಿದ್ದುಹೋಯ್ತು.

ಆ ಎರಡು ಜಡೆ ಹುಡುಗಿಯ ದೊಡ್ಡ ಮಗಳು ನನ್ನ ಗೆಳತಿ. ಆರು ವರ್ಷ ಇದ್ದಾಗಿಂದ. ಬೇಸಿಗೆ ರಜಕ್ಕೆ ಅವಳು ನಮ್ಮನೆಗೆ ಇಲ್ಲಾ ನಾನು ಅವರ ಮನೆಗೆ, ಒಂದೇ ಚಾಪೆ ಮೇಲೆ ಮಲಗಿ ಬೆಳೆದೋರು. ವಿಡಿಯೋ ಬಂದ ದಿನ ರಾತ್ರಿ ಹತ್ತೂಮುಕ್ಕಾಲಿಗೆ ಅವಳಿಂದ ವಾಟ್ಸಾಪ್ ಬಂತು, ಲಿಂಕು, ಅದರ ಕೆಳಗೆ 'ನಿಂಗೆ ಮೊದ್ಲೇ ಗೊತ್ತಿತ್ತಾ?' ಅಂತ ಒಂದೇ ಸಾಲು. ಏನೇನೋ ಟೈಪ್ ಮಾಡಿ ಅಳಿಸಿದೆ. ಗೊತ್ತಿತ್ತು. ನನಗೆ 22 ವರ್ಷ ಆದಾಗ ಆ ಲೆಟರುಗಳನ್ನ ಓದಿದ್ದೆ, ಅಜ್ಜಿ ನನ್ನಿಂದ ಮಾತು ತಗೊಂಡಿದ್ರು. ಕೊನೆಗೆ 'ಗೊತ್ತಿತ್ತು ಕಣೆ' ಅಂತ ಕಳಿಸಿದೆ. ಎರಡು ನೀಲಿ ಟಿಕ್ ಬಿತ್ತು, ಅಷ್ಟೇ, ಇವತ್ತಿಗೂ ಅದರ ಕೆಳಗೆ ಏನೂ ಬಂದಿಲ್ಲ.

ಇದಿಷ್ಟೇ ಆಗಿದ್ರೆ ನಾನು ಅತ್ತುಕೊಂಡು ಸುಮ್ಮನಾಗ್ತಿದ್ದೆ, ಪತ್ರ ಬರೀತಿರಲಿಲ್ಲ. ನನ್ನ ತಕರಾರು ಇನ್ನೊಂದು ಗುಟ್ಟಿನ ಬಗ್ಗೆ. ಅದೇ ಟ್ರಂಕಲ್ಲಿ ಅದೂ ಇತ್ತು, ಅದನ್ನ ನೀವು ಮುಟ್ಟಲೇ ಇಲ್ಲ.

ಆವಾಗ ಕನ್ನಡ ಪಿಕ್ಚರುಗಳ ಶೂಟಿಂಗು ಬಹಳಷ್ಟು ಮದ್ರಾಸಲ್ಲೇ, ಕೋಡಂಬಾಕಂ, ವಡಪಳನಿ ಕಡೆ ಸ್ಟುಡಿಯೋಗಳಲ್ಲಿ. ಅಜ್ಜ ಬೆಂಗಳೂರಲ್ಲಿ ಬರೆದು, ಅಜ್ಜಿ ಫೇರ್ ಕಾಪಿ ಮಾಡಿ, ಯಾರಾದ್ರೂ ಪ್ರೊಡಕ್ಷನ್ನೋರ ಕೈಲಿ ರಾತ್ರಿ ಮದ್ರಾಸ್ ಮೇಲ್‌ಗೆ ಕಳಿಸೋದು. ಈ ಫೇರ್ ಕಾಪಿ ಅನ್ನೋದು ನಮ್ಮನೇಲಿ ಇಟ್ಕೊಂಡ ಹೆಸರು ಅಷ್ಟೇ. ಒಂದು ಹಾಳೆ ಇದೆ, ಅದನ್ನ ನಾನು ಕ್ಯಾಮೆರಾ ಮುಂದೆ ಹಿಡಿದು ತೋರಿಸಿದ್ದೆ. ಮನೆ ಬಿಟ್ಟು ಹೊರಟ ಮಗನಿಗೆ ತಾಯಿ ಹೇಳೋ ಮಾತು. ಅಜ್ಜನ ದುಂಡಕ್ಷರದಲ್ಲಿ 'ಮಗನೇ, ಈ ಹೆತ್ತೊಡಲಿನ ಉರಿ ನಿನಗೆ ಕಾಣದಾಯಿತೇ? ಈ ಅಭಾಗಿನಿಯನ್ನು ತೊರೆದು ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು?' ಅಂತ ನಾಲ್ಕು ಸಾಲಿದೆ. ಅದರ ಮೇಲೆ ಅಡ್ಡಗೀಟು. ಪಕ್ಕದಲ್ಲಿ ಅಜ್ಜಿಯ ಕೋಳಿಕಾಲು ಅಕ್ಷರದಲ್ಲಿ 'ಊಟ ಮಾಡ್ಕೊಂಡು ಹೋಗು.' ಅದರ ಕೆಳಗೆ ಬೇರೆ ಪೆನ್ನಲ್ಲಿ, ಹಸಿರು ಇಂಕು, ಮದ್ರಾಸಜ್ಜಿದು: 'ಇದು ಬಾಯಿಗೆ ಬರುತ್ತೆ ಅಕ್ಕಾ.'

ಮೂರು ಕೈಬರಹ ಒಂದೇ ಹಾಳೇಲಿ. ಅದನ್ನ ನೋಡಿ ಆ ಹುಡುಗರು ವಾವ್ ಮೇಡಂ ಅಂದ್ರು. ನಾನು ನಲವತ್ತು ನಿಮಿಷ ಇದನ್ನೇ ಹೇಳಿದ್ದೆ. ಲೆಟರುಗಳಲ್ಲಿ ಉಭಯ ಕುಶಲೋಪರಿ ಮುಗಿದ ಮೇಲೆ ಅರ್ಧ ಇದೇ ಮಾತು, ಅಕ್ಕಾ ಈ ಸೀನಲ್ಲಿ ನಾನು ಬಾಗಿಲ ಹತ್ರ ನಿಂತಿರ್ತೀನಿ, ಅಷ್ಟು ಉದ್ದ ಮಾತಾಡಿದ್ರೆ ಬಾಗಿಲು ಹಾಕೋದು ಯಾವಾಗ, ಹೆಣ್ಮಕ್ಕಳು ಹೀಗೆ ಮಾತಾಡ್ತಾರಾ, ಇನ್ನೊಂದ್ಸಲ ಬರೆದು ಕಳಿಸು. ಸೆಟ್ಟಲ್ಲಿ ಯಾರು ತಿದ್ದಿದ್ದು ಅಂತ ಕೇಳಿದ್ರೆ ಮದ್ರಾಸಜ್ಜಿ, ಸಾಹಿತಿಗಳೇ ಬರೆದು ಕಳಿಸಿದಾರೆ ಅಂತಿದ್ರಂತೆ. ಯಾಕೆ ಅಂದ್ರೆ ಹೆಂಡತಿ ಬರೀತಾಳೆ ಅಂತ ಗೊತ್ತಾದ್ರೆ ಅಜ್ಜನಿಗೆ ಅವಕಾಶ ತಪ್ಪುತ್ತಿತ್ತು, ಅಜ್ಜನಿಗೆ ತಪ್ಪಿದ್ರೆ ಅಜ್ಜಿಗೂ ತಪ್ಪುತ್ತಿತ್ತು. ಅವರ ಮಗಳ ಗುಟ್ಟು ಇವರ ಹತ್ರ, ಇವರ ಪೆನ್ನಿನ ಗುಟ್ಟು ಅವರ ಹತ್ರ. ಇಬ್ಬರ ಸ್ನೇಹ ನಿಂತಿದ್ದು ಆ ಕೊಡುಕೊಳ್ಳುವಿಕೆ ಮೇಲೆ ಅಂತ ನನಗೆ ಎಷ್ಟೋ ಸಲ ಅನ್ಸಿದೆ, ಅದು ಪೂರ್ತಿ ನಿಜ ಇರಲಿಕ್ಕಿಲ್ಲ, ಯಾಕಂದ್ರೆ ಸಿನಿಮಾ ಬಿಟ್ಟು ಇಪ್ಪತ್ತು ವರ್ಷ ಆದಮೇಲೂ ಲೆಟರು ಬರ್ತಾನೇ ಇತ್ತು, ಮಂಡಿನೋವು, ಸೊಸೆ ಕಾಟ, ಕರೆಂಟು ಬಿಲ್ಲು, ಎಲ್ಲಾ.

ವಿಡಿಯೋಲಿ ಆ ಹಾಳೆ ಒಂದು ಸೆಕೆಂಡೂ ಇಲ್ಲ. ಫೋನ್ ಮಾಡಿ ಕೇಳಿದ್ದಕ್ಕೆ 'ಮೇಡಂ ಅದು ಆಡಿಯನ್ಸ್‌ಗೆ ಕನೆಕ್ಟ್ ಆಗಲ್ಲ' ಅಂದ್ರು.

ಇಬ್ಬರು ಹೆಂಗಸರು ಬೇಕು ಅಂತಲೇ, ತಿಳಿದೂ ತಿಳಿದೂ ಬಚ್ಚಿಟ್ಟಿದ್ದನ್ನ ಬಯಲಿಗೆ ತಂದ್ರಿ. ವಿಧಿಯಿಲ್ಲದೆ ಮುಚ್ಚಿಹೋಗಿದ್ದನ್ನ, ಅವರಿಗೇ ಹೇಳಿಕೊಳ್ಳೋ ಆಸೆ ಇದ್ದಿದ್ದನ್ನ, ಎಡಿಟಿಂಗ್ ಟೇಬಲ್ ಕೆಳಗೆ ಬಿಸಾಕಿದ್ರಿ. ಅಜ್ಜಿ ಕೊನೆಕೊನೆಗೆ ಟಿವಿಲಿ ಹಳೇ ಪಿಕ್ಚರ್ ಬಂದ್ರೆ ಟೈಟಲ್ ಮುಗಿಯೋತನಕ ನೋಡಿ ಎದ್ದುಹೋಗ್ತಿದ್ರು, ಪಿಕ್ಚರ್ ನೋಡ್ತಿರಲಿಲ್ಲ.

ಗುಟ್ಟು ಯಾವತ್ತೂ ಹೊರಗೆ ಬರಬಾರದು ಅಂತ ನಾನು ಹೇಳ್ತಿಲ್ಲ. ಎಂ.ಕೆ. ಇಂದಿರಾ ಅವರು ತಮ್ಮ ಮನೆತನದ್ದೇ ಒಬ್ಬ ಬಾಲವಿಧವೆಯ ಕತೆ ಇಟ್ಕೊಂಡು 'ಫಣಿಯಮ್ಮ' ಬರೆದ್ರಲ್ಲ, ಅದನ್ನ 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದ್ರು, ಎಲ್.ವಿ. ಶಾರದಾ ಆ ಪಾತ್ರ ಮಾಡಿದ್ರು. ಬರೆದೋಳು ಹೆಂಗಸು, ತೆಗೆದೋಳು ಹೆಂಗಸು, ಅಭಿನಯಿಸಿದೋಳು ಹೆಂಗಸು, ಕೈಯಿಂದ ಕೈಗೆ ದಾಟಿಸಿಕೊಂಡು ಬಂದ್ರು, ಆ ಜೀವದ ಮಾನ ಎಲ್ಲೂ ಮುಕ್ಕಾಗಲಿಲ್ಲ. ಉಮಾಶ್ರೀ 'ಬೆಂಕಿ ಬೆಡಗು' ಅಂತ ತಮ್ಮ ಬದುಕನ್ನ ತಾವೇ ಹೇಳ್ಕೊಂಡ್ರು. ಲಂಕೇಶರು ತಮ್ಮ ಆತ್ಮಕತೆ ಬರೆದ್ರೆ, ಇಂದಿರಾ ಲಂಕೇಶ್ ಅದೇ ಸಂಸಾರದ ಕತೆನ ತಮ್ಮ ಕಡೆಯಿಂದ ಬೇರೆ ಪುಸ್ತಕದಲ್ಲಿ ಬರೆದ್ರು. ಹೇಳೋ ಹಕ್ಕು ಇದ್ದೋರು ಹೇಳಿದ್ರು, ನಾವು ಓದಿದ್ವಿ, ಯಾರ ಮುಖಕ್ಕೂ ಕೆಂಪು ರೌಂಡು ಬೀಳಲಿಲ್ಲ.

ಇನ್ನೊಂದು ನೋಡಿ. 1969ರ 'ಗೆಜ್ಜೆಪೂಜೆ'. ಅದೂ ಎಂ.ಕೆ. ಇಂದಿರಾ ಅವರ ಕಾದಂಬರಿನೇ, ಪುಟ್ಟಣ್ಣ ಕಣಗಾಲರ ಸಿನಿಮಾ. ಗೆಜ್ಜೆ ಕಟ್ಟೋ ದೇವದಾಸಿ ಮನೇಲಿ ಹುಟ್ಟಿದ ಹುಡುಗಿ ನಾಲ್ಕು ಜನರ ಹಾಗೆ ಮದುವೆ ಆಗಿ ಬಾಳಬೇಕು ಅಂತ ಆಸೆ ಪಡ್ತಾಳೆ, ಅವಳ ಹುಟ್ಟನ್ನ ಹಿಡಿದು ಊರು ಅವಳನ್ನ ಏನು ಮಾಡ್ತು ಅನ್ನೋದೇ ಕತೆ. ಥಿಯೇಟರಲ್ಲಿ ಕೂತು ಆ ಪಾತ್ರ ಮಾಡಿದ ಕಲ್ಪನಾ ಜೊತೆ ಅತ್ತವರ ಮೊಮ್ಮಕ್ಕಳು ಇವತ್ತು ಇವಳ ಅಪ್ಪ ಯಾರು ಅನ್ನೋ ಥಂಬ್‌ನೇಲ್ ಒತ್ತುತಾ ಕೂತಿದಾರೆ. ಕಲ್ಪನಾ ಅವರನ್ನಾದ್ರೂ ಬಿಟ್ರಾ? 1979ರ ಮೇ ತಿಂಗಳಲ್ಲಿ ತೀರಿಕೊಂಡೋರು, ಇಷ್ಟು ವರ್ಷ ಆದ್ರೂ ಅವರ ಸಾವಿನ ಮೇಲೆ ಎಷ್ಟು ವಿಡಿಯೋ, ಅವರ ಅಭಿನಯದ ಮೇಲೆ ಎಷ್ಟು, ನೀವೇ ಒಂದ್ಸಲ ಎಣಿಸಿ ನೋಡಿ. ಕಾದಂಬರಿಗಾರ್ತಿ ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ, ಅವರ ಕಾದಂಬರಿ 'ಬೆಳ್ಳಿಮೋಡ' ತೆರೆಗೆ ಬಂದಿದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ತನ್ನ ಹೆಣ್ಣುಗಳಿಗೆ ಕಲ್ಪನಾ ಜೀವ ಕೊಟ್ಟಿದ್ದನ್ನ ಆ ತಾಯಿ ನೋಡಲೇ ಇಲ್ಲ. ಕಾಣದೇ ಇರೋ ಒಬ್ಬ ಬರಹಗಾರ್ತಿ ಜೊತೆ ಒಬ್ಬ ನಟಿಗೆ ಇರೋ ಸಂಬಂಧ ಎಂಥದ್ದು, ಇದರ ಮೇಲೆ ಒಂದು ಎಪಿಸೋಡ್ ಮಾಡಿ ಸ್ವಾಮಿ, ನಾನು ಮೊದಲು ನೋಡ್ತೀನಿ, ಜಾಹೀರಾತೂ ಸ್ಕಿಪ್ ಮಾಡಲ್ಲ.

ಗಂಡಸರ ವಂಶಾವಳಿ ಮಾತ್ರ ನಮಗೆ ಬಾಯಿಪಾಠ. ಚಿ. ಸದಾಶಿವಯ್ಯ, ಅವರ ಮಗ ಚಿ. ಉದಯಶಂಕರ್, ಅವರ ಮಗ ಚಿ. ಗುರುದತ್, ಮೂರು ತಲೆಮಾರು ಸಿನಿಮಾದೋರು ಅಂತ ಹೆಮ್ಮೆಯಿಂದ ಹೇಳ್ತೀವಿ, ಹೇಳಲೇಬೇಕು, ಅಂಥಾ ಕೆಲಸ ಮಾಡಿದಾರೆ. ಅದೇ 1934ರಲ್ಲಿ ಕನ್ನಡದ ಮೊದಲ ಟಾಕಿ, ಅಂದ್ರೆ ಮಾತಿನ ಚಿತ್ರ, 'ಸತಿ ಸುಲೋಚನ' ನಿರ್ದೇಶನ ಮಾಡಿದ ವೈ.ವಿ. ರಾವ್ ಅವರ ಹೆಂಡತಿ ರುಕ್ಮಿಣಿ ನಟಿ, ಮಗಳು ಲಕ್ಷ್ಮಿ ನಟಿ, ಮೊಮ್ಮಗಳು ಐಶ್ವರ್ಯಾ ನಟಿ, ಅಷ್ಟೇ ಅಲ್ಲ ರುಕ್ಮಿಣಿಯವರ ತಾಯಿ ನುಂಗಂಬಾಕಂ ಜಾನಕಿಯವರೂ ನಟಿಯೇ. ನಾಲ್ಕು ತಲೆಮಾರು ಹೆಣ್ಮಕ್ಕಳು ಒಂದೇ ಕಸುಬು ಮಾಡಿದಾರೆ. ತಾಯಿಯಿಂದ ಮಗಳಿಗೆ ಏನು ದಾಟಿತು, ನಿಲ್ಲೋ ರೀತಿನಾ, ಮಾತು ಒಪ್ಪಿಸೋ ರೀತಿನಾ, ಇದನ್ನ ಯಾರಾದ್ರೂ ಕೂತು ಕೇಳಿದೀರಾ? ನಟಿಯರ ಮನೆಗೆ ಹೋದ್ರೆ ಕೇಳೋ ಪ್ರಶ್ನೆನೇ ಬೇರೆ.

ಕಾನೂನು ಏನು ಹೇಳುತ್ತೆ ಅಂತ ಒಬ್ಬರು ಲಾಯರ್ ಹತ್ರ ಹೋಗಿದ್ದೆ. ಅಲ್ಲಿ ಗೊತ್ತಾಗಿದ್ದು ನನಗೇ ಕಪಾಳಕ್ಕೆ ಹೊಡೆದ ಹಾಗಾಯ್ತು. ಒಂದು ಕಾಗದ ಬಂತು ಅಂದ್ರೆ ಆ ಹಾಳೆ ಮಾತ್ರ ಅದು ಯಾರಿಗೆ ಬಂತೋ ಅವರದ್ದು, ಅದರಲ್ಲಿರೋ ಬರಹದ ಕಾಪಿರೈಟು ಬರೆದೋರದ್ದಂತೆ, ಅವರು ಹೋದಮೇಲೆ ಅವರ ವಾರಸುದಾರರದ್ದು. ಅಂದ್ರೆ ನಮ್ಮ ಟ್ರಂಕಲ್ಲಿದ್ದ ಮದ್ರಾಸಜ್ಜಿ ಮಾತುಗಳ ಹಕ್ಕು ಅವರ ಮಗಳದ್ದು, ಥಂಬ್‌ನೇಲಲ್ಲಿ ರೌಂಡು ಬಿದ್ದ ಆ ಎರಡು ಜಡೆ ಹುಡುಗೀದು. ಕೊಡೋಕೆ ನಾನು ಯಾರು? ಕೇಳೋಕೆ ನೀವು ಯಾರು? ನನ್ನ ತಪ್ಪಿಗೆ ನಾನು ಅವರ ಮನೆ ಬಾಗಿಲಿಗೆ ಹೋಗಿ ಕೇಳಬೇಕಾದ ಕ್ಷಮೆ ಕೇಳಿ ಬಂದಿದೀನಿ, ಅವರು ಕಾಫಿ ಕೊಟ್ಟು ಕಳಿಸಿದ್ರು, ಮಾತು ಜಾಸ್ತಿ ಆಡಲಿಲ್ಲ.

ಇನ್ನೊಂದು ತೀರ್ಪಿನ ಬಗ್ಗೆಯೂ ಲಾಯರ್ ಹೇಳಿದ್ರು. ಜಯಲಲಿತಾ ಅವರ ಬಯೋಪಿಕ್ ತಡೀಬೇಕು ಅಂತ ಅವರ ಅಣ್ಣನ ಮಗಳು ಕೋರ್ಟಿಗೆ ಹೋದಾಗ 2021ರಲ್ಲಿ ಮದ್ರಾಸ್ ಹೈಕೋರ್ಟು, ವ್ಯಕ್ತಿಯ ಖಾಸಗಿತನ ವ್ಯಕ್ತಿಯ ಜೊತೆಗೇ ಹೋಗುತ್ತೆ, ಅದು ಆಸ್ತಿ ಥರ ವಾರಸುದಾರರಿಗೆ ಬರಲ್ಲ ಅಂತ ಹೇಳ್ತಂತೆ. ಮೇಲುಕೋಟೆಯಲ್ಲಿ ಹುಟ್ಟಿದ ಹುಡುಗಿ, ತಾಯಿ ಸಂಧ್ಯಾ ನಟಿ, ಚಿಕ್ಕಮ್ಮನೂ ನಟಿ, ತಾನು 1964ರಲ್ಲಿ ಕನ್ನಡದ 'ಚಿನ್ನದ ಗೊಂಬೆ'ಲಿ ನಾಯಕಿ ಆದೋಳು, ಕೊನೆಗೆ ಅವರ ಕೇಸೇ ಎಲ್ಲಾ ನಟಿಯರಿಗೂ ಅನ್ವಯ ಆಗೋ ಹಾಗಾಯ್ತು. ಸರಿ, ಸತ್ತೋರದ್ದು ಹೋಯ್ತು ಅಂತಲೇ ಇಟ್ಕೊಳ್ಳೋಣ. ಬದುಕಿರೋರದ್ದು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಲ್ಲೇ ಅಲ್ವಾ 2017ರಲ್ಲಿ ಸುಪ್ರೀಂ ಕೋರ್ಟಿನ 9 ಜನ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. ಮದ್ರಾಸಜ್ಜಿ ಇಲ್ಲ, ಅವರ ಮಗಳು ಇದಾರೆ, ದಿನಾ ಬೆಳಿಗ್ಗೆ ಪಾರ್ಕಿಗೆ ವಾಕಿಂಗ್ ಹೋಗ್ತಿದ್ರು, ಈಗ ಹೋಗ್ತಿಲ್ಲ.

ಕೋರ್ಟಿಗೆ ಹೋಗೋ ಶಕ್ತಿ ನಮಗಿಲ್ಲ, ಇಷ್ಟವೂ ಇಲ್ಲ, ಹೋದ್ರೆ ಅದೇ ಇನ್ನೊಂದು ವಿಡಿಯೋ ಆಗುತ್ತೆ. ಅದಕ್ಕೆ ಕೇಳ್ಕೊಳ್ತಿದೀನಿ. ಯಾರದ್ದೋ ಮನೇಲಿ ಸಿಕ್ಕಿದ ಕಾಗದ ಓದೋ ಮುಂಚೆ ಅದನ್ನ ಬರೆದೋರ ಮನೆಯವರನ್ನ ಒಂದು ಮಾತು ಕೇಳಿ, ಬೇಡ ಅಂದ್ರೆ ಬಿಟ್ಟುಬಿಡಿ. ಹುಟ್ಟು, ಮದುವೆ, ಅಪ್ಪ ಯಾರು ಅನ್ನೋ ವಿಷಯ ಬಂದಾಗ ಆ ವಿಷಯದಿಂದ ಇವತ್ತು ಯಾರ ಮನೆ ಬಾಗಿಲು ತಟ್ಟುತ್ತಾರೆ ಅಂತ ಯೋಚನೆ ಮಾಡಿ, ಅಂಥೋರು ಬದುಕಿದ್ರೆ ಅವರೇ ಹೇಳೋತನಕ ಮುಟ್ಟಬೇಡಿ. ಸಂದರ್ಶನ ಕೊಟ್ಟೋರಿಗೆ ಅಪ್‌ಲೋಡ್ ಮಾಡೋ ಮುಂಚೆ ಥಂಬ್‌ನೇಲ್ ಸಮೇತ ತೋರಿಸಿ, ಇದಕ್ಕೆ ಎಷ್ಟು ಹೊತ್ತು ಬೇಕು, ಐದು ನಿಮಿಷ. ಆ ವಿಡಿಯೋ ಮಾಡಿದೋರಿಗೆ ನಾನು ಮೂರು ಸಲ ಮೇಲ್ ಹಾಕಿದೀನಿ, ತೆಗೀರಿ ಅಂತ, ಥಂಬ್‌ನೇಲ್ ಬದಲಾಯಿಸಿದ್ರು, ವಿಡಿಯೋ ಹಾಗೇ ಇದೆ.

ಸ್ಕ್ರಿಪ್ಟ್ ಬರೆಯೋರಿಗೆ ಬೇರೆ ಮಾತು. ಈ ಕತೆ ಇಟ್ಕೊಂಡು ಸೀರೀಸ್ ಮಾಡೋಣ ಅಂತ ಇಬ್ಬರು ನನಗೆ ಆಗಲೇ ಫೋನ್ ಮಾಡಿದೀರ. ಒಬ್ಬರಂತೂ, ಹೆಸರು ಬದಲಾಯಿಸ್ತೀವಿ ಬಿಡಿ ಅಂದ್ರಿ. ಇಲ್ಲಾ ಸಾರ್, ನೀವು ಮಗಳ ಕತೆ ಬಿಡಿ, ಪೆನ್ನಿನ ಕತೆ ಮಾಡಿ, ಹೆಸರು ಬದಲಾಯಿಸಬೇಡಿ, ನಮ್ಮಜ್ಜಿ ಹೆಸರು ನಾನೇ ಬರೆದುಕೊಡ್ತೀನಿ, ಸೀನ್ ಪೇಪರ್ ಅಷ್ಟೂ ಕೊಡ್ತೀನಿ, ಅದು ನಮ್ಮನೆಯದ್ದೇ. ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಹಕ್ಕು ಮಾರಿದಮೇಲೂ ಇದನ್ನ ಬರೆದಿದ್ದು ನಾನು ಅಂತ ಹೇಳ್ಕೊಳ್ಳೋ ಹಕ್ಕು ಬರೆದೋರಿಗೆ ಇರುತ್ತಂತೆ, ಅಜ್ಜಿಗೆ ಗೊತ್ತಿರಲಿಲ್ಲ ಪಾಪ. ಮೊದಲ ಟಾಕಿಯ ಒಂದು ಪ್ರಿಂಟೂ ಉಳಿದಿಲ್ಲ ಅಂತ ನಾವೆಲ್ಲ ಪ್ರತಿವರ್ಷ ಪೇಚಾಡ್ತೀವಲ್ಲ, ಹೆಂಗಸರು ತಿದ್ದಿದ ಇಂಥಾ ಹಾಳೆಗಳು ಇನ್ನೂ ಎಷ್ಟು ಮನೆ ಅಟ್ಟದ ಮೇಲೆ ಗೆದ್ದಲು ತಿಂತಿದಾವೋ. ಅದನ್ನ ಹುಡುಕ್ಕೊಂಡು ಬನ್ನಿ, ಎಲ್ಲರೂ ಟ್ರಂಕು ತೆಗೀತಾರೆ.

ನನ್ನ ಮಗಳು ಸಿನಿಮಾ ಬರವಣಿಗೆ ಓದ್ತೀನಿ ಅಂತ ಕೂತಿದಾಳೆ. ಮುತ್ತಜ್ಜಿ ಕತೆ ನಾನೇ ಬರೀತೀನಮ್ಮ ಅಂದಳು. ಬರಿ, ಆದ್ರೆ ಮದ್ರಾಸಜ್ಜಿ ಮನೆಯವರನ್ನ ಕೇಳದೆ ಒಂದು ಸಾಲೂ ಬರೀಬೇಡ ಅಂದೆ. ಅವಳು ಹೋದ ಭಾನುವಾರ ನನ್ನ ಗೆಳತಿ ಮನೆಗೆ ಒಬ್ಬಳೇ ಹೋಗಿ ಬಂದಳು. ಏನು ಮಾತಾಡಿದ್ರಿ ಅಂತ ಕೇಳಿದ್ದಕ್ಕೆ 'ಅದು ನಾನು ಆಂಟಿ ಮಾತಾಡ್ಕೊಂಡಿದ್ದು' ಅಂದು ರೂಮಿಗೆ ಹೋದಳು.

ಕೊನೆಗೆ, ಆ ಚಾನೆಲ್‌ನೋರಿಗೆ. ನೀವು ತಗೊಂಡುಹೋದ 4 ಇನ್‌ಲ್ಯಾಂಡ್ ಲೆಟರ್ ಇನ್ನೂ ವಾಪಸ್ ಬಂದಿಲ್ಲ. ಅದರಲ್ಲಿ ಒಂದರ ಮಡಿಕೆ ಹರಿದಿದೆ, ಹುಷಾರಾಗಿ ಬಿಡಿಸಿ, ಹಸಿರು ಇಂಕು ಬೆವರು ಕೈ ತಾಗಿದ್ರೂ ಹರಡುತ್ತೆ. ನಮ್ಮನೆಗೆ ಕಳಿಸಬೇಡಿ. ಮದ್ರಾಸಜ್ಜಿ ಮಗಳ ವಿಳಾಸ ನಿಮ್ಮ ಹತ್ರ ಇದೆ ಅಂತ ನನಗೆ ಗೊತ್ತು, ಅವರ ಮನೆ ಹೊರಗೆ ನಿಂತು ಗೇಟಿನ ಶಾಟ್ ತೆಗೆದಿದೀರಲ್ಲ, ಅದೇ ಗೇಟು. ಅಲ್ಲಿಗೆ ಕೊರಿಯರ್ ಮಾಡಿ.

ಇಂತಿ,
ಟೈಟಲ್ ಕಾರ್ಡಲ್ಲಿ ಇಲ್ಲದ ಒಬ್ಬ ಸಂಭಾಷಣೆಕಾರ್ತಿಯ ಮೊಮ್ಮಗಳು